ಇಂಗಾಲದ ಲೆಕ್ಕ ತೋಟದವರಿಗೂ ಬೇಕು

ಮಣ್ಣು ಪರೀಕ್ಷೆಯ ವರದಿ ಬಂದಾಗ ನಾವೆಲ್ಲ ಮೊದಲು ನೋಡುವುದು ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿದೆ ಅಂತ. ಆಮೇಲೆ ಸುಣ್ಣ ಎಷ್ಟು ಹಾಕಬೇಕು ಅಂತ ಹುಳಿ-ಕ್ಷಾರದ ಅಂಕಿ ನೋಡುತ್ತೇವೆ. ಅದೇ ಕಾಗದದಲ್ಲಿ 'ಸಾವಯವ ಇಂಗಾಲ' ಅಂತ ಇನ್ನೊಂದು ಅಂಕಿ ಇರುತ್ತದೆ. ಅದನ್ನು ಓದಿ ಸುಮ್ಮನಾಗುವವರೇ ಹೆಚ್ಚು.

ಸಾಮಾನ್ಯ ಬೇಸಾಯದ ಭೂಮಿಗೆ ಇಟ್ಟಿರುವ ಅಳತೆಯಲ್ಲಿ ನೂರಕ್ಕೆ 0.5ಕ್ಕಿಂತ ಕಮ್ಮಿ ಇಂಗಾಲವಿದ್ದರೆ 'ಕಡಿಮೆ', 0.5ರಿಂದ 0.75 'ಮಧ್ಯಮ', ಅದಕ್ಕಿಂತ ಮೇಲಿದ್ದರೆ 'ಹೆಚ್ಚು'. ಬಯಲುಸೀಮೆಯ ಹೊಲವನ್ನೂ ಅಳೆಯುವ ಅಳತೆ ಇದು. ಮರದ ನೆರಳಿರುವ ಮಲೆನಾಡಿನ ತೋಟ ಈ 0.75ನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ನಮ್ಮ ಬಾಳೂರು, ಬಣಕಲ್, ಕಳಸ ಕಡೆಯ ಮಣ್ಣನ್ನು ಈ ಅಳತೆಗೆ ಹಿಡಿದರೆ 'ಹೆಚ್ಚು' ಅಂತಲೇ ಬರುತ್ತದೆ. ಹೆಚ್ಚಿದೆ ಅಂದಮೇಲೆ ಚಿಂತೆ ಯಾಕೆ?

ಚಿಂತೆ ಇರುವುದು ಇಲ್ಲೇ. ನಮ್ಮ ತೋಟದ ಅಂಕಿಯನ್ನು ಬಯಲಿನ ಹೊಲದ ಜತೆ ಹೋಲಿಸಿ ನೋಡುವುದಲ್ಲ. ಪಕ್ಕದ ಕಾಡಿನ ಮಣ್ಣಿನ ಜತೆ, ಮತ್ತು ನಮ್ಮದೇ ತೋಟದ ಐದು ವರ್ಷ ಹಿಂದಿನ ಅಂಕಿಯ ಜತೆ ಹೋಲಿಸಬೇಕು. ಆಗ ಗೊತ್ತಾಗುತ್ತದೆ ನಾವು ಗಂಟು ಕೂಡಿಸುತ್ತಿದ್ದೇವೋ, ಕರಗಿಸುತ್ತಿದ್ದೇವೋ ಅಂತ. ಯೂರಿಯಾ, ಪೊಟ್ಯಾಷ್ ಅಂಗಡಿಯಿಂದ ಬರುತ್ತದೆ. ಇಂಗಾಲ ಹಾಗಲ್ಲ, ಅದು ಗಾಳಿಯಿಂದ ಪುಕ್ಕಟೆ ಬರುತ್ತದೆ. ಬಂದದ್ದು ತೋಟದಿಂದ ಹೊರಗೆ ಹೋಗುವ ಮುನ್ನ ಅದರಿಂದ ಎಷ್ಟು ಕೆಲಸ ತೆಗೆಯುತ್ತೇವೆ ಅನ್ನುವುದು ಮಾತ್ರ ನಮ್ಮ ಕೈಲಿದೆ.

ಗಿಡದ ಮೈ ಎಲ್ಲಿಂದ ಬಂತು?

ಗಿಡ ಮಣ್ಣು ತಿಂದು ಬೆಳೆಯುತ್ತದೆ ಅಂತ ಬಹಳ ಕಾಲ ಜನ ನಂಬಿದ್ದರು. ಸುಮಾರು 400 ವರ್ಷಗಳ ಹಿಂದೆ ಯೂರೋಪಿನಲ್ಲಿ ವಾನ್ ಹೆಲ್ಮಂಟ್ ಎಂಬ ವೈದ್ಯ ಇದನ್ನು ತೂಗಿಯೇ ನೋಡಿದ. ಕುಂಡವೊಂದಕ್ಕೆ 200 ಪೌಂಡ್ ಒಣಮಣ್ಣು ಹಾಕಿ ವಿಲ್ಲೋ ಎಂಬ ಮರದ ಸಸಿ ನೆಟ್ಟ. ಐದು ವರ್ಷ ನೀರು ಬಿಟ್ಟರೆ ಬೇರೇನೂ ಹಾಕಲಿಲ್ಲ. ಕೊನೆಗೆ ಮರ 169 ಪೌಂಡ್ ತೂಗಿತು. ಮಣ್ಣಿನಲ್ಲಿ ಕಮ್ಮಿಯಾಗಿದ್ದದ್ದು ಬರೀ ಎರಡು ಔನ್ಸ್. ಹಾಗಾದರೆ ಮರ ಆಗಿದ್ದು ನೀರಿನಿಂದಲೇ ಅಂತ ಅವನು ತೀರ್ಮಾನಿಸಿದ. ಈ ಪ್ರಯೋಗ 1648ರಲ್ಲಿ ಅಚ್ಚಾಯಿತು.

ಅವನ ಲೆಕ್ಕದಲ್ಲಿ ಬಿಟ್ಟುಹೋದದ್ದು ಗಾಳಿ. ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ, ಬೇರಿನಿಂದ ಬಂದ ನೀರಿನ ಜತೆ ಬಿಸಿಲಿನ ಬಲದಿಂದ ಕೂಡಿಸಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯೇ ಮುಂದೆ ತೊಗಟೆ, ಕಾಂಡ, ಹಣ್ಣು, ಬೇರು ಎಲ್ಲವೂ ಆಗುತ್ತದೆ. ಒಣಗಿಸಿದ ಯಾವುದೇ ಗಿಡದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಇಂಗಾಲ. ಒಣ ಸೌದೆ ಒಂದು ಕ್ವಿಂಟಾಲ್ ಅಂದರೆ ಇಂಗಾಲ ಸುಮಾರು 50 ಕಿಲೋ. ಮಣ್ಣಿನಿಂದ ಬಂದ ಖನಿಜವೆಲ್ಲ ಸೇರಿದರೆ ಒಲೆಯಲ್ಲಿ ಉಳಿಯುವ ಒಂದು ಹಿಡಿ ಬೂದಿ, ಅಷ್ಟೇ.

ಗಾಳಿಯಲ್ಲಿ ಈ ಅನಿಲ ಬಹಳ ತೆಳುವಾಗಿದೆ. ಹತ್ತು ಲಕ್ಷ ಪಾಲು ಗಾಳಿಗೆ 420 ಪಾಲಿನಷ್ಟು. ಕಲ್ಲಿದ್ದಲಿನ ಕಾರ್ಖಾನೆಗಳು ಶುರುವಾಗುವ ಮೊದಲು ಅದು 280ರ ಸುತ್ತಮುತ್ತ ಇತ್ತು. ಇಷ್ಟು ತೆಳುವಾಗಿ ಹರಡಿದ್ದನ್ನು ಹೆಕ್ಕಿ ಹೆಕ್ಕಿ ಗಟ್ಟಿ ಮಾಡುವ ಕೆಲಸ ಎಲೆಯದು. ನಮ್ಮ ಯಾವ ಯಂತ್ರವೂ ಅಷ್ಟು ಅಗ್ಗವಾಗಿ ಇದನ್ನು ಮಾಡಲಾರದು.

ನಾಲ್ಕು ಕೈಯ ವಸ್ತು

ಜೀವ ಇರುವಲ್ಲೆಲ್ಲ ಇಂಗಾಲವೇ ಯಾಕೆ? ಅದಕ್ಕೆ ನಾಲ್ಕು ಕೈಗಳಿವೆ ಅಂತ ತಿಳಿಯಿರಿ. ಜಲಜನಕಕ್ಕೆ ಒಂದೇ ಕೈ, ಆಮ್ಲಜನಕಕ್ಕೆ ಎರಡು. ನಾಲ್ಕು ಕೈ ಇರುವುದರಿಂದ ಇಂಗಾಲದ ಕಣಗಳು ಒಂದನ್ನೊಂದು ಹಿಡಿದು ಸರಪಳಿ ಆಗಬಲ್ಲವು, ಬಳೆ ಆಗಬಲ್ಲವು, ಬಲೆಯೂ ಆಗಬಲ್ಲವು. ಉಳಿದ ಕೈಗಳಲ್ಲಿ ಜಲಜನಕ, ಆಮ್ಲಜನಕ, ಸಾರಜನಕಗಳನ್ನು ಹಿಡಿದುಕೊಳ್ಳುತ್ತವೆ. ಹೀಗೆ ಲಕ್ಷಾಂತರ ಬಗೆಯ ವಸ್ತುಗಳು.

ಗ್ಲೂಕೋಸ್ ಸಕ್ಕರೆಯ ಒಂದು ಕಣದಲ್ಲಿ ಇಂಗಾಲ ಆರು. ಕಾಫಿಯನ್ನು ಕಾಫಿ ಮಾಡುವ ಕೆಫೀನ್‌ನಲ್ಲಿ ಎಂಟು. ಅದೇ ಗ್ಲೂಕೋಸನ್ನು ಒಂದು ರೀತಿ ಪೋಣಿಸಿದರೆ ಅಕ್ಕಿಯ ಪಿಷ್ಟ, ಇನ್ನೊಂದು ರೀತಿ ಪೋಣಿಸಿದರೆ ಹುಲ್ಲಿನ ನಾರು. ಅನ್ನ ನಮಗೆ ಜೀರ್ಣ ಆಗುತ್ತದೆ, ಹುಲ್ಲು ಆಗುವುದಿಲ್ಲ. ದನಕ್ಕೂ ಸ್ವತಃ ಆಗುವುದಿಲ್ಲ. ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ನಾರಿನ ಪೋಣಿಕೆ ಬಿಚ್ಚಿ ಕೊಡುತ್ತವೆ, ದನ ಅದನ್ನುಂಡು ಹಾಲು ಕೊಡುತ್ತದೆ.

ಇಂಧನದ ಕಥೆಯೂ ಇದೇ ಸರಪಳಿಯ ಕಥೆ. ಗೋಬರ್ ಗ್ಯಾಸಿನ ಮೀಥೇನ್‌ನಲ್ಲಿ ಇಂಗಾಲ ಒಂದೇ. ಸಿಲಿಂಡರಿನ ಅಡುಗೆ ಅನಿಲದಲ್ಲಿ ಮೂರು ಮತ್ತು ನಾಲ್ಕು. ಪೆಟ್ರೋಲಿನಲ್ಲಿ ಐದರಿಂದ ಹನ್ನೆರಡರವರೆಗೆ, ಡೀಸೆಲ್‌ನಲ್ಲಿ ಇನ್ನೂ ಉದ್ದ. ಸರಪಳಿ ಉದ್ದವಾದ ಹಾಗೆ ಗಾಳಿಯಂತಿದ್ದದ್ದು ದ್ರವ ಆಗುತ್ತದೆ, ದ್ರವ ಮಂದ ಆಗುತ್ತದೆ, ಕೊನೆಗೆ ಮೇಣ, ಡಾಂಬರು.

ಕಲ್ಲಿದ್ದಲು ಕೋಟಿಗಟ್ಟಲೆ ವರ್ಷಗಳ ಹಿಂದೆ ಹೂತುಹೋದ ಕಾಡು. ಡೀಸೆಲ್ ಬಂದದ್ದು ಸಮುದ್ರದ ತಳ ಸೇರಿದ ಸಣ್ಣ ಜೀವಿಗಳಿಂದ. ಅವೂ ಬಿಸಿಲನ್ನು ಹಿಡಿದಿಟ್ಟ ಇಂಗಾಲವೇ. ಪಂಪಿಗೆ, ಪಲ್ಪರಿಗೆ, ಟಿಲ್ಲರಿಗೆ ಒಂದು ಲೀಟರ್ ಡೀಸೆಲ್ ಉರಿಸಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಒಂದು ಲೀಟರ್ ಒಂದು ಕಿಲೋ ಕೂಡ ತೂಗುವುದಿಲ್ಲವಲ್ಲ, ಇದು ಹೇಗೆ ಅಂತ ಕೇಳಬಹುದು. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ಅದರ ತೂಕ ಅದು. ಸೌದೆ ಉರಿಸಿದರೂ ಹೊಗೆ ಬರುತ್ತದೆ, ಆದರೆ ಆ ಇಂಗಾಲವನ್ನು ಮರ ಕೆಲವೇ ವರ್ಷಗಳ ಹಿಂದೆ ಇದೇ ಗಾಳಿಯಿಂದ ತೆಗೆದದ್ದು. ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆದರೆ ಅಲ್ಲಿಗಲ್ಲಿಗೆ ಸಮ. ಡೀಸೆಲಿನದ್ದು ನೆಲದೊಳಗೆ ಹೂತಿದ್ದ ಹಳೆಯ ಗಂಟು, ಅದು ಗಾಳಿಗೆ ಹೊಸದಾಗಿ ಸೇರುತ್ತದೆ.

ಉರಿ ಮತ್ತು ಕೊಳೆ

ಒಲೆಯಲ್ಲಿ ಸೌದೆ ಉರಿಯುವುದು, ತೋಟದಲ್ಲಿ ದರಗು ಕೊಳೆಯುವುದು, ಉಂಡ ಅನ್ನ ನಮ್ಮ ಮೈಯಲ್ಲಿ ಕರಗುವುದು — ಮೂರೂ ಮೂಲದಲ್ಲಿ ಒಂದೇ. ಇಂಗಾಲದ ಸರಪಳಿ ಮುರಿದು ಆಮ್ಲಜನಕ ಸೇರಿ ಮತ್ತೆ ಗಾಳಿಗೆ ಹೋಗುತ್ತದೆ, ಹಿಡಿದಿಟ್ಟ ಬಿಸಿಲು ಬಿಡುಗಡೆ ಆಗುತ್ತದೆ. ಬೆಂಕಿಯಲ್ಲಿ ಅದು ಗಂಟೆಯ ಕೆಲಸ, ಕೊಳೆಯುವಾಗ ತಿಂಗಳುಗಳ ಕೆಲಸ. ಬೆಂಕಿಯ ಬಿಸಿ ಒಲೆಗೆ ಸಿಗುತ್ತದೆ. ಕೊಳೆಯುವಾಗಿನ ಬಲ ಎರೆಹುಳ, ಗೆದ್ದಲು, ಬೂಸಲು, ಸೂಕ್ಷ್ಮಜೀವಿಗಳ ಹೊಟ್ಟೆಗೆ ಹೋಗುತ್ತದೆ. ಅವು ಮಣ್ಣನ್ನು ಸಡಿಲ ಮಾಡುತ್ತವೆ, ಕಣಗಳನ್ನು ಅಂಟಿಸುತ್ತವೆ, ಸತ್ತಾಗ ತಮ್ಮ ಮೈಯ ಸಾರಜನಕವನ್ನು ಬೇರಿಗೆ ಬಿಡುತ್ತವೆ.

ಹಾಗಾಗಿ ತೋಟ ಚೊಕ್ಕಟ ಕಾಣಲಿ ಅಂತ ದರಗನ್ನು ಗುಡಿಸಿ ಬೆಂಕಿ ಕೊಡುವುದು ನಷ್ಟದ ಬಾಬತ್ತು. ಇಂಗಾಲದ ಜತೆ ಎಲೆಯ ಸಾರಜನಕ, ಗಂಧಕವೂ ಹೊಗೆಯಾಗಿ ಹೋಗುತ್ತವೆ. ಉಳಿಯುವುದು ಪೊಟ್ಯಾಷ್, ಸುಣ್ಣ, ಒಂದಿಷ್ಟು ರಂಜಕ. ಅದೂ ಮೊದಲ ದೊಡ್ಡ ಮಳೆಗೆ ತೊಳೆದು ಹೋಗುವಂಥದ್ದು. ಘಟ್ಟದ ಕೆಳಗಿನವರು ಮಾಡುವ ಸುಡುಮಣ್ಣಿನಲ್ಲೂ ಗಿಡಕ್ಕೆ ತಕ್ಷಣ ಸಿಗುವುದು ಈ ಬೂದಿಯ ಗುಣವೇ. ಅಂಗಳದ ನಾಲ್ಕು ಮಲ್ಲಿಗೆ ಗಿಡಕ್ಕೆ ಅದು ಸರಿ. ಇಡೀ ತೋಟದ ಸೊಪ್ಪನ್ನು ಹಾಗೆ ಮಾಡಲು ಹೊರಟರೆ ಹೋಗುವುದೇ ಜಾಸ್ತಿ.

ನಡುವೆ ಇನ್ನೊಂದು ದಾರಿ ಇದೆ, ಇದ್ದಿಲು. ಗಾಳಿ ಕಮ್ಮಿ ಮಾಡಿ ಸುಟ್ಟರೆ ಸೌದೆಯ ಇಂಗಾಲದಲ್ಲಿ ಒಂದು ಪಾಲು ಇದ್ದಿಲಾಗಿ ಉಳಿಯುತ್ತದೆ. ಅದನ್ನು ಸೂಕ್ಷ್ಮಜೀವಿಗಳು ಸುಲಭಕ್ಕೆ ತಿನ್ನಲಾರವು. ಮಣ್ಣಿಗೆ ಸೇರಿದರೆ ನೂರಾರು ವರ್ಷ ಇರುತ್ತದೆ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ ಹಿಂದಿನ ಜನ ಹೀಗೆ ಇದ್ದಿಲು ಬೆರೆತ ಕಪ್ಪು ಮಣ್ಣನ್ನು ಉಳಿಸಿ ಹೋಗಿದ್ದಾರೆ. ಆದರೆ ಇದಕ್ಕೆ ಅಂತ ಮರ ಕಡಿಯಬೇಕಾಗಿಲ್ಲ. ಒಲೆಯಲ್ಲಿ ಉಳಿದ ಇದ್ದಿಲು ಚೂರನ್ನು ಗೊಬ್ಬರದ ಗುಂಡಿಗೆ ಹಾಕಿ ಸಗಣಿ ನೀರು ಕುಡಿಸಿ, ಆಮೇಲೆ ತೋಟಕ್ಕೆ ಒಯ್ದರೆ ಸಾಕು.

ಸೊಪ್ಪಿನಲ್ಲಿ ಜಾತಿ ಬೇರೆ, ಗುಣ ಬೇರೆ

ಸೂಕ್ಷ್ಮಜೀವಿಗೆ ಇಂಗಾಲ ಅಂದರೆ ಅನ್ನ, ಸಾರಜನಕ ಅಂದರೆ ಸಾರು. ಹದವಾಗಿ ಕೊಳೆಯಬೇಕಾದರೆ 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಸಗಣಿಯಲ್ಲಿ ಈ ಪ್ರಮಾಣ ಹೆಚ್ಚುಕಮ್ಮಿ ಸರಿಯಾಗೇ ಇದೆ. ಭತ್ತದ ಹುಲ್ಲಿನಲ್ಲಿ ಇಂಗಾಲ 60-80 ಪಾಲು, ಮರದ ಹೊಟ್ಟಿನಲ್ಲಿ ಕೆಲವು ನೂರು. ಹಸಿ ಮರದ ಹೊಟ್ಟನ್ನು ನೇರ ಬುಡಕ್ಕೆ ಬೆರೆಸಿದರೆ ಗಿಡ ಹಳದಿ ತಿರುಗುವುದು ಇದಕ್ಕೇ. ಅನ್ನ ಬಹಳ, ಸಾರು ಸಾಲದು. ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ಎಳೆದುಕೊಳ್ಳುತ್ತವೆ. ಅದೇ ಹೊಟ್ಟನ್ನು ಕೊಟ್ಟಿಗೆಗೆ ಹಾಸಿ ಗಂಜಲ ಕುಡಿಸಿ ತೆಗೆದರೆ ಒಳ್ಳೆ ಗೊಬ್ಬರ.

ತೋಟದ ನೆರಳಿನ ಮರಗಳಲ್ಲೂ ಈ ವ್ಯತ್ಯಾಸ ಇದೆ. ಹಾಲವಾಣ ದ್ವಿದಳ ಜಾತಿ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ. ಅದರ ಎಲೆ ಒಂದು ಮಳೆಗಾಲದಲ್ಲಿ ಕರಗಿ ಹೋಗುತ್ತದೆ. ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ್ದು, ಎಲೆ ಗಡುಸು, ನಿಧಾನಕ್ಕೆ ಕೊಳೆಯುತ್ತದೆ. ಮೆಣಸಿನ ಬಳ್ಳಿಗೆ ನೆಟ್ಟಗಿನ ಮರ, ಮಾರಿದರೆ ದುಡ್ಡು ಅಂತ ಬಹಳ ತೋಟಗಳಲ್ಲಿ ಕಾಡುಮರ, ಹಾಲವಾಣ ಹೋಗಿ ಸಿಲ್ವರ್ ಓಕ್ ಒಂದೇ ನಿಂತಿದೆ. ನಿಧಾನಕ್ಕೆ ಕೊಳೆಯುವ ಎಲೆಯೂ ಬೇಕು, ನೆಲಕ್ಕೆ ಹೊದಿಕೆಯಾಗಿ ಕೂರುತ್ತದೆ. ಆದರೆ ಅದೊಂದೇ ಆದರೆ ಅನ್ನ ಇದ್ದು ಸಾರಿಲ್ಲದ ಊಟ. ನಡುನಡುವೆ ಹಾಲವಾಣ, ಬೇಲಿಗೆ ಗೊಬ್ಬರದ ಗಿಡ, ಉಳಿದಿರುವ ಹಲಸು, ಅತ್ತಿ, ನಂದಿ ಮರಗಳನ್ನು ಉಳಿಸಿಕೊಂಡರೆ ಮಿಶ್ರ ಸೊಪ್ಪು ಬೀಳುತ್ತದೆ.

ನಿಮ್ಮ ತೋಟಕ್ಕೆ ಎಷ್ಟು ದರಗು ಬೀಳುತ್ತದೆ ಅಂತ ನೀವೇ ಅಳೆಯಬಹುದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿರುವ ದರಗನ್ನು ಒಟ್ಟುಮಾಡಿ ಬಿಸಿಲಿಗೆ ಚೆನ್ನಾಗಿ ಒಣಗಿಸಿ ತೂಗಿ. ಐದಾರು ಕಡೆ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಎಕರೆಗೆ 4,047 ಚದರ ಮೀಟರ್. ಅರ್ಧ ಕಿಲೋ ಸಿಕ್ಕಿತು ಅಂದರೆ ಎಕರೆಗೆ ಎರಡು ಟನ್ ಒಣ ದರಗು, ಅದರಲ್ಲಿ ಇಂಗಾಲವೇ ಸುಮಾರು 900 ಕಿಲೋ. ಇದಕ್ಕೆ ಕೂಲಿ ಇಲ್ಲ, ಲಾರಿ ಬಾಡಿಗೆ ಇಲ್ಲ.

ಮಳೆ ಕೊಂಡೊಯ್ಯುವ ಗಂಟು

ಒಂದೆಕರೆಯ ಮೇಲಿನ ಆರು ಇಂಚು ಮಣ್ಣು ಸುಮಾರು 8ರಿಂದ 9 ಲಕ್ಷ ಕಿಲೋ ತೂಗುತ್ತದೆ. ವರದಿಯಲ್ಲಿ ಇಂಗಾಲ ನೂರಕ್ಕೆ ಒಂದು ಇಳಿಯಿತು ಅಂದರೆ ಎಂಟೊಂಬತ್ತು ಟನ್ ಇಂಗಾಲ ಹೋಯಿತು. ಅದನ್ನು ತುಂಬುವುದು ಎಷ್ಟು ಕಷ್ಟ ನೋಡಿ. ಹತ್ತು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ, ಇಂಗಾಲ ಒಂದು-ಒಂದೂವರೆ ಟನ್. ಅದರಲ್ಲೂ ಬಹುಪಾಲು ಒಂದೆರಡು ವರ್ಷದಲ್ಲಿ ಕೊಳೆತು ಗಾಳಿಗೆ ಹೋಗುತ್ತದೆ, ಮಣ್ಣಿನಲ್ಲಿ ನಿಲ್ಲುವುದು ಸ್ವಲ್ಪ. ಕಳೆದುಕೊಳ್ಳಲು ನಾಲ್ಕಾರು ಮಳೆಗಾಲ ಸಾಕು, ಕೂಡಿಸಲು ಒಂದು ತಲೆಮಾರು ಬೇಕು.

ನಮ್ಮ ಕಡೆ ಇಳಿಜಾರು ಜಾಸ್ತಿ, ಮಳೆ ಜಾಸ್ತಿ. 2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರುಗಿ ಮನೆ, ಗದ್ದೆ, ತೋಟ ಕೊಚ್ಚಿಹೋದದ್ದನ್ನು ಕಂಡಿದ್ದೇವೆ. ಗುಡ್ಡವೇ ಜರುಗುವಾಗ ದರಗು ಏನೂ ಮಾಡಲಾರದು. ಆದರೆ ಸುದ್ದಿಯಾಗದೆ ಪ್ರತಿ ವರ್ಷ ಹೋಗುವ ಮಣ್ಣಿದೆಯಲ್ಲ, ಅದರ ಲೆಕ್ಕ ಬೇರೆ. ಎಕರೆಯಲ್ಲಿ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ ಕಣ್ಣಿಗೆ ಕಾಣಿಸುವುದೇ ಇಲ್ಲ. ತೂಕ ಮಾತ್ರ ಸುಮಾರು ಐದು ಟನ್. ಇಂಗಾಲ ನೂರಕ್ಕೆ ಮೂರು ಇರುವ ಮಣ್ಣಾದರೆ 150 ಕಿಲೋ ಇಂಗಾಲ, ಅದರ ಜತೆಯಲ್ಲಿ ಹನ್ನೆರಡು-ಹದಿಮೂರು ಕಿಲೋ ಸಾರಜನಕ. ಅರ್ಧ ಚೀಲಕ್ಕಿಂತ ಹೆಚ್ಚು ಯೂರಿಯಾ ಹೊಳೆಗೆ ಸುರಿದ ಹಾಗೆ.

ಇದಕ್ಕೆ ನಮ್ಮ ಹಿರಿಯರ ಕಾಲದಿಂದ ಬಂದ ಉಪಾಯವೇ ತೊಟ್ಟಿಲು ಗುಂಡಿ. ಇಳಿಜಾರಿಗೆ ಅಡ್ಡಲಾಗಿ, ನಾಲ್ಕು ಗಿಡಗಳ ನಡುವೆ, ಒಂದು-ಒಂದೂವರೆ ಅಡಿ ಅಗಲ, ಒಂದಡಿ ಆಳ. ಮೇಲಿನ ಸಾಲಿನ ಗುಂಡಿಗಳ ಮಧ್ಯದ ಸಂದಿಗೆ ಕೆಳಗಿನ ಸಾಲಿನ ಗುಂಡಿ ಬರಬೇಕು. ನೀರು ಇಂಗುತ್ತದೆ, ಕೊಚ್ಚಿ ಬಂದ ಮಣ್ಣು, ದರಗು ಅಲ್ಲೇ ನಿಂತು ಗೊಬ್ಬರ ಆಗುತ್ತದೆ. ಕೂಲಿ ದುಬಾರಿ ಅಂತ ಬಹಳ ಕಡೆ ಇದನ್ನು ಬಿಟ್ಟಿದ್ದಾರೆ. ಇಡೀ ತೋಟಕ್ಕೆ ಆಗದಿದ್ದರೆ ತೀರಾ ಕಡಿದಾದ ಜಾಗಕ್ಕಾದರೂ ಮಾಡಬೇಕು.

ಅಗತೆ ಮಾಡುವಾಗಲೂ ಈ ಮಾತು ನೆನಪಿರಲಿ. ಪ್ರತಿ ವರ್ಷ ಮಣ್ಣು ಪೂರಾ ಮಗುಚಿದರೆ ಗಾಳಿ ಆಡಿ ಕೊಳೆಯುವ ವೇಗ ಜಾಸ್ತಿ ಆಗುತ್ತದೆ. ಮರಗಸಿ ಅತಿಯಾಗಿ ಬಿಸಿಲು ನೆಲಕ್ಕೆ ಬಿದ್ದರೂ ಹಾಗೇ. ಕಸಿ ಮಾಡಿದ ರೆಂಬೆ ಸೊಪ್ಪನ್ನು ಅಲ್ಲೇ ಕೊಚ್ಚಿ ಸಾಲಿಗೆ ಹಾಕಿದರೆ ಹೊದಿಕೆಯೂ ಆಯಿತು, ಗೊಬ್ಬರವೂ ಆಯಿತು.

ಸಿಪ್ಪೆ, ಹೊಟ್ಟು, ಪಲ್ಪಿಂಗ್ ನೀರು

ಕಾಫಿ ಹಣ್ಣಿನ ತೂಕದಲ್ಲಿ ಸುಮಾರು ನೂರಕ್ಕೆ 40 ಪಾಲು ಸಿಪ್ಪೆ. ಅದರಲ್ಲಿ ಇಂಗಾಲದ ಜತೆ ಪೊಟ್ಯಾಷ್ ಚೆನ್ನಾಗಿದೆ. ಆದರೆ ಪಲ್ಪರ್ ಬಾಯಲ್ಲಿ ಬಿದ್ದ ಸಿಪ್ಪೆಯನ್ನು ಹಸಿಯಾಗಿ ಬುಡಕ್ಕೆ ಹಾಕಬಾರದು. ಹುಳಿ, ಬಿಸಿ ಎರಡೂ ಇರುತ್ತದೆ. ಮಳೆನೀರು ನಿಲ್ಲದ ಜಾಗದಲ್ಲಿ ಪದರ ಪದರವಾಗಿ ಸಿಪ್ಪೆ, ಸಗಣಿ, ಸೊಪ್ಪು, ಸ್ವಲ್ಪ ಮಣ್ಣು ಹಾಕಿ ಮುಚ್ಚಿ, ನಡುವೆ ಒಂದೆರಡು ಸಲ ಮಗುಚಿದರೆ ಮುಂದಿನ ಮಳೆಗಾಲದ ಹೊತ್ತಿಗೆ ಕಪ್ಪು ಗೊಬ್ಬರ ಸಿದ್ಧ.

ಸಣ್ಣ ಬೆಳೆಗಾರರಲ್ಲಿ ಬಹಳ ಮಂದಿ ಪಲ್ಪಿಂಗ್ ಮಾಡುವುದಿಲ್ಲ, ಕಣದಲ್ಲಿ ಚೆರ್ರಿ ಒಣಗಿಸಿ ಚೀಲ ಮಾರುತ್ತಾರೆ. 50 ಕಿಲೋ ಚೆರ್ರಿಯಲ್ಲಿ ಬೀಜ 26-28 ಕಿಲೋ ಅಂತ ಓ.ಟಿ. ಲೆಕ್ಕ ಎಲ್ಲರಿಗೂ ಬಾಯಿಪಾಠ. ಉಳಿದ ಇಪ್ಪತ್ತೆರಡು-ಇಪ್ಪತ್ನಾಲ್ಕು ಕಿಲೋ ಹೊಟ್ಟು, ನಮ್ಮ ತೋಟದ್ದೇ. ಹಲ್ಲರ್‌ನಲ್ಲಿ ಮಾಡಿಸುವವರು ಹೊಟ್ಟನ್ನು ವಾಪಸ್ ತರುವುದನ್ನು ರೂಢಿ ಮಾಡಿಕೊಳ್ಳಬೇಕು. ಕೊಟ್ಟಿಗೆಗೆ ಹಾಸಲು ಅದಕ್ಕಿಂತ ಒಳ್ಳೆಯದು ಬೇಡ.

ಪಲ್ಪಿಂಗ್ ನೀರಿನ ವಿಷಯ ಇನ್ನೂ ಗಂಭೀರ. ಬೀಜದ ಮೇಲಿನ ಲೋಳೆಯಲ್ಲಿ ಸಕ್ಕರೆ ಇದೆ. ಅದು ಹಳ್ಳ ಸೇರಿದರೆ ನೀರಿನ ಸೂಕ್ಷ್ಮಜೀವಿಗಳಿಗೆ ಹಬ್ಬ. ಸಕ್ಕರೆ ತಿನ್ನುವಾಗ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು, ಏಡಿ ಉಸಿರುಕಟ್ಟಿ ಸಾಯುತ್ತವೆ, ನೀರು ಕಪ್ಪಾಗಿ ನಾರುತ್ತದೆ. ಹಳ್ಳದಲ್ಲಿ ನೀರು ಕಮ್ಮಿ ಇರುವ ಡಿಸೆಂಬರ್-ಜನವರಿಯಲ್ಲೇ ಕುಯ್ಲು ಬರುವುದರಿಂದ ಹಾನಿ ದೊಡ್ಡದು. ಹೇಮಾವತಿ ಹುಟ್ಟುವ ಜಾವಳಿ ನಮಗೆ ದೂರವಲ್ಲ. ಇಲ್ಲಿ ಹಳ್ಳಕ್ಕೆ ಬಿಟ್ಟದ್ದು ಸಕಲೇಶಪುರ, ಗೊರೂರಿನ ಕಡೆಗೇ ಹೋಗುವುದು. ಸಣ್ಣ ಪಲ್ಪರ್ ಇದ್ದರೂ ನೀರನ್ನು ಗುಂಡಿಯಲ್ಲಿ ತಡೆದು, ಸುಣ್ಣ ಹಾಕಿ ಹುಳಿ ಮುರಿದು, ಕೊಳೆಯಲು ಬಿಟ್ಟು ಆಮೇಲೆ ವಿಲೇವಾರಿ ಮಾಡಬೇಕು.

ಗೋಬರ್ ಗ್ಯಾಸ್: ಒಂದೇ ಸಗಣಿಗೆ ಎರಡು ಕೆಲಸ

ಗಾಳಿ ಆಡದ ಗುಂಡಿಯಲ್ಲಿ ಕೊಳೆತರೆ ಇಂಗಾಲ ಮೀಥೇನ್ ಆಗಿ ಬರುತ್ತದೆ. ದನದ ಹೊಟ್ಟೆಯಲ್ಲಿ ಆಗುವುದನ್ನೇ ಇಟ್ಟಿಗೆ ಗುಂಡಿಯಲ್ಲಿ ಮುಂದುವರಿಸುವುದು ಗೋಬರ್ ಗ್ಯಾಸ್. 25 ಕಿಲೋ ಹಸಿ ಸಗಣಿಗೆ ಒಂದು ಘನ ಮೀಟರ್ ಗ್ಯಾಸ್ ಅಂತ ಅಂದಾಜು. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಪೂರ್ತಿ ಗ್ಯಾಸ್ ಬಂದರೆ ತಿಂಗಳಿಗೆ ಸುಮಾರು 26 ಕಿಲೋ ಅಡುಗೆ ಅನಿಲಕ್ಕೆ ಸಮ, ಎರಡು ಸಿಲಿಂಡರಿಗೆ ಸ್ವಲ್ಪ ಕಮ್ಮಿ.

ಇದರಲ್ಲಿ ಬಹಳ ಜನ ಗಮನಿಸದ ಲಾಭ ಒಂದಿದೆ. ಗ್ಯಾಸ್ ಆಗಿ ಹೋಗುವುದು ಇಂಗಾಲ, ಜಲಜನಕ, ಆಮ್ಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಹೆಚ್ಚುಕಮ್ಮಿ ಪೂರಾ ಬಗ್ಗಡದಲ್ಲೇ ಉಳಿಯುತ್ತದೆ. ಬೆರಣಿ ತಟ್ಟಿ ಉರಿಸಿದರೆ ಅನ್ನವೂ ಹೋಯಿತು, ಸಾರೂ ಹೋಯಿತು. ಇಲ್ಲಿ ಅನ್ನದ ಒಂದು ಪಾಲು ಒಲೆಗೆ, ಉಳಿದದ್ದೆಲ್ಲ ತೋಟಕ್ಕೆ. ಬಗ್ಗಡವನ್ನು ಬಿಸಿಲಿಗೆ ಒಣಗಿಸಿದರೆ ಸಾರಜನಕ ಹಾರಿಹೋಗುತ್ತದೆ. ದರಗು, ಕಾಫಿ ಹೊಟ್ಟಿನ ಮೇಲೆ ಸುರಿದು ಹೀರಿಸಿಕೊಳ್ಳುವುದು ಲೇಸು.

ತೊಂದರೆಗಳೂ ಇವೆ. ಮಲೆನಾಡು ಗಿಡ್ಡ ಸಣ್ಣ ದನ, ಹಗಲೆಲ್ಲ ಹೊರಗೆ ಮೇಯುತ್ತದೆ, ಕೊಟ್ಟಿಗೆಯಲ್ಲಿ ಸಿಗುವ ಸಗಣಿ ಕಮ್ಮಿ. ಮಳೆಗಾಲದ ಚಳಿಗೆ ಸೂಕ್ಷ್ಮಜೀವಿಗಳು ಮಂದ ಆಗಿ ಗ್ಯಾಸ್ ಇಳಿಯುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ಗುಂಡಿ ಕಟ್ಟಬೇಕು, ಸುತ್ತ ನೀರು ನಿಲ್ಲಬಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಶುರು ಮಾಡಿದ 'ಅಸ್ತ್ರ' ಕೇಂದ್ರದವರು ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ ಊರಿಗೇ ಒಂದು ಸ್ಥಾವರ ಕಟ್ಟಿದರು. ಅಡುಗೆಗೆ ಅಂತ ಹೊರಟಾಗ ಎಲ್ಲ ಮನೆಗೂ ಸಾಲುವಷ್ಟು ಗ್ಯಾಸ್ ಆಗಲಿಲ್ಲ. 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕುಡಿಯುವ ನೀರು ಕೊಟ್ಟರು. ಸಗಣಿ ಕೊಟ್ಟವರಿಗೆ ಬಗ್ಗಡ ವಾಪಸ್ ಹೋಗುತ್ತಿತ್ತು. ಇರುವಷ್ಟು ಇಂಗಾಲ ಯಾವ ಕೆಲಸಕ್ಕೆ ಸಾಕು ಅಂತ ಮೊದಲು ಲೆಕ್ಕ ಹಾಕಬೇಕು ಅನ್ನುವ ಪಾಠ ಅದರಲ್ಲಿದೆ.

ಜೈವಿಕ ತಂತ್ರಜ್ಞಾನ ಅಂದರೆ ಇಂಗಾಲ ತಿನ್ನಿಸುವುದೇ

ಜೈವಿಕ ತಂತ್ರಜ್ಞಾನ ಅಂದ ಕೂಡಲೆ ದೊಡ್ಡ ಲ್ಯಾಬು ಕಣ್ಣಮುಂದೆ ಬರುತ್ತದೆ. ಜೀವಿಗೆ ಬೇಕಾದ ಇಂಗಾಲದ ಆಹಾರ ಕೊಟ್ಟು ನಮಗೆ ಬೇಕಾದ ಕೆಲಸ ಮಾಡಿಸಿಕೊಳ್ಳುವುದೇ ಅದರ ಬುಡ. ದೋಸೆ ಹಿಟ್ಟು ಹುಳಿ ಬರುವುದು, ತೊಟ್ಟಿಯಲ್ಲಿ ಕಾಫಿ ಬೀಜದ ಲೋಳೆ ಕಳಚುವುದು ಎಲ್ಲವೂ ಅದೇ.

ಯೀಸ್ಟ್ ಎಂಬ ಜೀವಿ ಆರು ಇಂಗಾಲದ ಗ್ಲೂಕೋಸನ್ನು ಮುರಿದು ಎರಡಿಂಗಾಲದ ಎಥೆನಾಲ್ ಎರಡು ಕಣ ಮಾಡುತ್ತದೆ, ಉಳಿದ ಎರಡು ಇಂಗಾಲ ಗಾಳಿಗೆ ಹೋಗುತ್ತದೆ. ಕಬ್ಬು, ಜೋಳ, ಅಕ್ಕಿಯಿಂದ ಹೀಗೆ ಮಾಡಿದ ಎಥೆನಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣ ನಮ್ಮ ದೇಶದಲ್ಲಿ 2025ರಲ್ಲಿ ನೂರಕ್ಕೆ 20 ಮುಟ್ಟಿತು. ನಾರಿನ ಪೋಣಿಕೆ ಬಿಚ್ಚುವುದು ಪಿಷ್ಟದಷ್ಟು ಸುಲಭವಲ್ಲದ್ದರಿಂದ ಹುಲ್ಲಿನಿಂದ ಎಥೆನಾಲ್ ತೆಗೆಯುವುದು ಇನ್ನೂ ದುಬಾರಿ ಕೆಲಸವೇ.

ಅಂಗಾಂಶ ಕೃಷಿಯ ಬಾಳೆ ಗಿಡ ಬಾಟಲಿಯೊಳಗೆ ಬೆಳೆಯುವಾಗ ಎಲೆಯಿಂದ ಸಾಕಷ್ಟು ಆಹಾರ ಮಾಡಿಕೊಳ್ಳಲಾರದು. ಹಾಗಾಗಿ ಲೀಟರಿಗೆ 30 ಗ್ರಾಂನಂತೆ ಸಕ್ಕರೆ ಹಾಕಿದ ದ್ರಾವಣದಲ್ಲಿ ಸಾಕುತ್ತಾರೆ. ಅಂದರೆ ಅಂಗಡಿ ಊಟದಲ್ಲಿ ಬೆಳೆದ ಗಿಡ. ಗಾಳಿಯಿಂದ ಇಂಗಾಲ ತೆಗೆದು ಸ್ವಂತ ಅಡುಗೆ ಮಾಡಿಕೊಳ್ಳಲು ಅದು ಹೊರಗೆ ಬಂದ ಮೇಲೆ ಕಲಿಯಬೇಕು. ನೆರಳಿನಲ್ಲಿ ಚೆನ್ನಾಗಿ ಹದಗೊಳಿಸಿದ ಗಿಡವನ್ನೇ ಕೊಳ್ಳಬೇಕು ಅನ್ನುವುದು ಇದಕ್ಕೆ.

ಮೆಣಸಿನ ಸೊರಗು ರೋಗಕ್ಕೆ ಹಾಕುವ ಟ್ರೈಕೋಡರ್ಮದ ಕಥೆಯೂ ಅಷ್ಟೇ. ಅದು ಜೀವ ಇರುವ ಬೂಸಲು. ಪೊಟ್ಟಣ ತಂದು ಬರಿ ನೆಲಕ್ಕೆ ಎರಚಿದರೆ ತಿನ್ನಲು ಏನಿದೆ? ಹದವಾಗಿ ಒದ್ದೆ ಇರುವ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಬೆರೆಸಿ ಒಂದೆರಡು ವಾರ ನೆರಳಲ್ಲಿ ಮುಚ್ಚಿಟ್ಟು ಬೆಳೆಸಿ ಆಮೇಲೆ ಬುಡಕ್ಕೆ ಹಾಕಬೇಕು. ದರಗು, ಗೊಬ್ಬರ ಇರುವ ತೋಟದಲ್ಲಿ ಅದು ನೆಲೆ ನಿಲ್ಲುತ್ತದೆ. ಜೀವಾಣು ಗೊಬ್ಬರದ ಎಷ್ಟೋ ಪೊಟ್ಟಣಗಳು ಕೆಲಸ ಮಾಡಲಿಲ್ಲ ಅನ್ನುವ ದೂರಿಗೆ ಇದೂ ಒಂದು ಕಾರಣ.

ಕಾರ್ಬನ್ ಕ್ರೆಡಿಟ್ ಅಂತ ಬಂದರೆ

ಕೇಂದ್ರ ಸರಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆಗೆ ಅಧಿಸೂಚನೆ ಹೊರಡಿಸಿತು. ನಿಮ್ಮ ಮರ, ಮಣ್ಣು ಹಿಡಿದ ಇಂಗಾಲಕ್ಕೆ ದುಡ್ಡು ಕೊಡಿಸುತ್ತೇವೆ ಅಂತ ಮಧ್ಯವರ್ತಿಗಳು ಬಂದರೆ ಪೂರ್ತಿ ತಿಳಿದೇ ಸಹಿ ಹಾಕಿ. ಒಂದು ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್, ಇಂಗಾಲದ ಲೆಕ್ಕದಲ್ಲಿ ಸುಮಾರು 270 ಕಿಲೋ. ಮೊದಲಿಂದ ಇರುವ ಮರಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಹೊಸದಾಗಿ ಹೆಚ್ಚಿಸಿದ್ದಕ್ಕೆ ಮಾತ್ರ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಇವು: ಕರಾರು ಎಷ್ಟು ವರ್ಷದ್ದು? ಅಷ್ಟು ವರ್ಷ ಮರ ಕಡಿಯುವಂತಿಲ್ಲವೇ? ಗಾಳಿಗೆ ಮರ ಬಿದ್ದರೆ ಹೊಣೆ ಯಾರದ್ದು? ಅಳತೆಯ ಖರ್ಚು ಯಾರು ಕೊಡಬೇಕು? ಬಂದ ಹಣದಲ್ಲಿ ನಮ್ಮ ಪಾಲೆಷ್ಟು? ಉತ್ತರ ಕನ್ನಡದಲ್ಲಿ, ಕಾಗದದ ಮೇಲೆ ಸಿಕ್ಕಿದ ಮೇಲೆ ಯೋಚನೆ ಮಾಡಬಹುದು.

ಈ ವರ್ಷವೇ ಶುರು ಮಾಡಬಹುದಾದದ್ದು

ಮಳೆ ಶುರುವಾಗುವ ಮೊದಲು ತೋಟದ ಮಣ್ಣು, ಪಕ್ಕದ ಕಾಡಿನ ಮಣ್ಣು ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕೊಡಿ. ಮಾದರಿ ತೆಗೆಯುವಾಗ ಮೇಲಿನ ದರಗು ಸರಿಸಿ, ಎರಡೂ ಕಡೆ ಒಂದೇ ಆಳದಿಂದ ತೆಗೆಯಿರಿ. ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಿದರೆ ದಾರಿ ಹೇಳುತ್ತಾರೆ. ವರದಿಯನ್ನು ಪಹಣಿ ಪತ್ರದ ಜತೆಗೇ ಇಡಿ. ಮೂರು ವರ್ಷಕ್ಕೊಮ್ಮೆ ಅದೇ ಜಾಗದ ಮಣ್ಣು ತೆಗೆದು ಹೋಲಿಸಿ.

ಆಮೇಲೆ ಒಂದು ಹಾಳೆಯಲ್ಲಿ ಬರೆಯಿರಿ: ಸೌದೆಯಾಗಿ ಎಷ್ಟು ಹೋಯಿತು, ಬೆಂಕಿಗೆ ಎಷ್ಟು, ಹಲ್ಲರ್‌ನಲ್ಲಿ ಬಿಟ್ಟ ಹೊಟ್ಟು ಎಷ್ಟು, ಹಳ್ಳಕ್ಕೆ ಹೋದದ್ದು ಎಷ್ಟು, ಗುಂಡಿಗೆ ಬಿದ್ದದ್ದು ಎಷ್ಟು. ಕಾಫಿ ರೇಟು ನಮ್ಮ ಕೈಲಿಲ್ಲ, ಮಳೆಯೂ ಇಲ್ಲ. ಈ ಹಾಳೆಯಲ್ಲಿರುವ ಒಂದೆರಡು ಬಾಬತ್ತಾದರೂ ನಮ್ಮ ಕೈಲಿದೆ. ಹೀಗೆ ಲೆಕ್ಕ ಇಟ್ಟವರು, ಪಲ್ಪಿಂಗ್ ನೀರಿಗೆ ಅಗ್ಗದ ಉಪಾಯ ಕಂಡುಕೊಂಡವರು, ತೊಟ್ಟಿಲು ಗುಂಡಿಯನ್ನು ಬಿಡದೆ ಉಳಿಸಿಕೊಂಡವರು ತಮ್ಮ ಅಂಕಿ-ಅನುಭವವನ್ನು ಪತ್ರಿಕೆಗೆ ನಾಲ್ಕು ಸಾಲಿನಲ್ಲಾದರೂ ಬರೆದು ತಿಳಿಸಿ. ಉಳಿದವರಿಗೆ ಅದು ಯಾವ ಪುಸ್ತಕಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.